ಸಲಾಯಿನ್ ಹಚ್ಚಿದರೂ ಬಾಯಿ ಏಕೆ ಒಣಗುತ್ತದೆ?

ನಮಸ್ಕಾರ. ಬಾಗಲಕೋಟೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ನಮ್ಮ ಅವ್ವಗ ದಿನಾ ಸಲಾಯಿನ್ ಹಚ್ಚತಾರ್ರಿ, ಆದ್ರೂ ಬಾಯಿ ಒಣಗೇತಿ ಅಂತಾಳ. ಯಾಕ್ರಿ?" ಇದು ಉಪಶಾಮಕ ಆರೈಕೆಯಲ್ಲಿ, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆಯಲ್ಲಿ, ಏಳುವ ಪ್ರಶ್ನೆ. ನೇರವಾಗಿ ಅದಕ್ಕೇ ಬರುತ್ತೇನೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ನೋವಿಗೆ ಕೊಡುವ ಮಾರ್ಫಿನ್‌ನಂತಹ ಔಷಧಿಗಳು ಅದನ್ನು ತಗ್ಗಿಸುತ್ತವೆ. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬಂದು ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಜೊಲ್ಲಿನ ಗ್ರಂಥಿಗಳೇ ಹಾಳಾಗಿರಬಹುದು. ಬಾಯಿ ತೆರೆದು ಉಸಿರಾಡುವುದರಿಂದ ಇದ್ದ ತೇವವೂ ಆರುತ್ತದೆ.

ಆಲಮಟ್ಟಿಯನ್ನು ನೆನೆಯಿರಿ. ಜಲಾಶಯ ತುಂಬಿದ್ದರೂ ಕಾಲುವೆಯ ಗೇಟು ಮುಚ್ಚಿದ್ದರೆ ಹೊಲಕ್ಕೆ ಹನಿ ನೀರೂ ಬರುವುದಿಲ್ಲ. ಸಲಾಯಿನ್ ರಕ್ತನಾಳವೆಂಬ ಜಲಾಶಯವನ್ನು ಸೇರುತ್ತದೆಯೇ ಹೊರತು ಗ್ರಂಥಿಯ ಗೇಟನ್ನು ತೆರೆಯುವುದಿಲ್ಲ. ಇನ್ನೊಂದು ಬಾಟಲಿ ಏರಿಸಿದರೆ ಹೆಚ್ಚುವುದು ಹಿನ್ನೀರು: ಕೊನೆಯ ದಿನಗಳಲ್ಲಿ ಹೃದಯ, ಮೂತ್ರಪಿಂಡಗಳು ಸೋತಿರುವಾಗ ಆ ನೀರು ಕಾಲಿನ ಬಾವಾಗಿ, ಎದೆಯ ಗೊರಗೊರ ಸದ್ದಾಗಿ ಕಾಣಿಸಿಕೊಳ್ಳಬಹುದು. ಹಿನ್ನೀರಿಗೆ ಊರನ್ನೇ ಬಿಟ್ಟುಕೊಟ್ಟ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನೀರು ಹೊಲಕ್ಕೇ ಮುಟ್ಟಬೇಕು, ಮತ್ತು ಅದನ್ನು ಮುಟ್ಟಿಸುವುದು ನರ್ಸ್‌ಗಳ ಕೈ. ಬಾಯಿಯ ಆರೈಕೆ ಬಿಡುವಾದಾಗ ಮಾಡುವ ಕೆಲಸವಲ್ಲ, ರಕ್ತದೊತ್ತಡದಂತೆಯೇ ಚಾರ್ಟಿನಲ್ಲಿ ದಾಖಲಾಗಬೇಕಾದ ಕೆಲಸ ಎಂಬುದು ನನ್ನ ದೃಢ ಅಭಿಪ್ರಾಯ. ಪ್ರತಿ ಪಾಳಿಯಲ್ಲಿ ಟಾರ್ಚ್ ಹಿಡಿದು ಬಾಯಿಯನ್ನು ನೋಡಬೇಕು. ಮಕ್ಕಳ ಮೃದು ಬ್ರಷ್‌ನಿಂದ ಹಲ್ಲು, ನಾಲಿಗೆಯನ್ನು ಶುಚಿಗೊಳಿಸಬೇಕು. ಎಚ್ಚರ ತಪ್ಪಿದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ನೀರಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಿಂದ ಬಾಯಿಯ ಒಳಭಾಗವನ್ನು ಮತ್ತೆ ಮತ್ತೆ, ಕೊನೆಯ ದಿನಗಳಲ್ಲಿ ಸಾಧ್ಯವಾದರೆ ಗಂಟೆಗೊಮ್ಮೆ, ತೇವಗೊಳಿಸಬೇಕು. ನಿಂಬೆ ಮತ್ತು ಗ್ಲಿಸರಿನ್ ಸವರುವ ಹಳೆಯ ರೂಢಿಯನ್ನು ಕೈಬಿಡಬೇಕು, ಏಕೆಂದರೆ ಹುಳಿ ಉರಿಸುತ್ತದೆ, ಗ್ಲಿಸರಿನ್ ಇದ್ದ ತೇವವನ್ನೂ ಹೀರುತ್ತದೆ.

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು. ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಔಷಧಿಯಿದೆ, ವೈದ್ಯರಿಗೆ ತಿಳಿಸಬೇಕು. ಆಮ್ಲಜನಕ ಪಡೆಯುತ್ತಿರುವವರ ತುಟಿಗೆ ಪೆಟ್ರೋಲಿಯಂ ಜೆಲ್ಲಿಯ ಬದಲು ಎಣ್ಣೆಯ ಅಂಶವಿಲ್ಲದ ಜೆಲ್ ಹಚ್ಚಬೇಕು.

ಇನ್ನು ಚಮಚದಿಂದ ನೀರು ಬಿಡುವ ವಿಷಯ. ನುಂಗಲಾರದವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆದರೆ ನೀರುಣಿಸಬೇಕೆಂಬ ಮನೆಯವರ ಆಸೆಗೆ ಬರಿದೆ "ಬೇಡ" ಎನ್ನುವುದು ಸಲ್ಲದು. ಅದೇ ನೀರಿನಲ್ಲಿ, ಗಂಗಾಜಲವಾದರೂ ಸರಿ, ಗಾಜ್ ಬಟ್ಟೆಯನ್ನು ಅದ್ದಿ ಹಿಂಡಿ ನಾಲಿಗೆಗೆ ಸವರುವುದನ್ನು ಸಿಸ್ಟರ್ ಒಮ್ಮೆ ತೋರಿಸಿಕೊಟ್ಟರೆ, ಮುಂದಿನ ಸಲ ಮನೆಯವರೇ ಅದನ್ನು ಮಾಡಬಲ್ಲರು.