ಕೆರೆ ಏರಿ ಹತ್ತುವ ಮುಂಚೆ ಚಪ್ಪಲಿ ಯಾಕೆ ಬಿಡಬೇಕು?

[ಏರಿಯ ಬುಡದಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳು]

ನಮಸ್ಕಾರ್ರೀ. ಗದಗದ ಕಡೆಯ ನೋಡುಗರೊಬ್ಬರು ಕೇಳಿದ್ದಾರೆ: "ನಮ್ಮೂರಿನ ಕುಡಿಯೋ ನೀರಿನ ಕೆರೆಗೆ ಹೋದರೆ ಚಪ್ಪಲಿ ಬಿಡು ಅಂತಾರೆ. ಅಲ್ಲೇನು ಗುಡಿ ಇದೆಯಾ?"

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಎರೆಭೂಮಿ. ಬೋರ್ ಹೊಡೆಸಿದರೆ ಬಹಳ ಕಡೆ ಸವಳು ನೀರು. ಮುಂಡರಗಿ ಕಡೆ ಹೋದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕಾಟ. ಹಾಗಾಗಿ ಮಳೆ ನೀರನ್ನೇ ಕೆರೆಯಲ್ಲಿ ಹಿಡಿದು ಕುಡಿಯುವ ರೂಢಿ ಬಂತು. ನವಲಗುಂದದ ನೀಲಮ್ಮನ ಕೆರೆ ಇಂಥದ್ದೇ.

ಇಂಥ ಕೆರೆಗಳಿಗೆ ಊರವರದೇ ಕಟ್ಟಳೆ. ಎಮ್ಮೆ ಮೈ ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ನೀರಲ್ಲಿ ಇಳಿಯುವಂತಿಲ್ಲ. ಕೊಡದ ಬಾಯಿಗೆ ಹಳೆ ಸೀರೆ ತುಂಡು ಕಟ್ಟಿ ಸೋಸಿಯೇ ತುಂಬಬೇಕು. ಕಾವಲಿಗೆ ಸಿಸಿ ಕ್ಯಾಮೆರಾ ಬೇಡ, ಒಬ್ಬ ಅಜ್ಜಿ ಸಾಕು: "ಏ ತಮ್ಮಾ, ಕಾಲ್ಮರಿ ಅಲ್ಲೇ ಕಳಿ!"

ಈಗ ನನಗೆ ತುಂಬಾ ಇಷ್ಟವಾದ ಭಾಗ. ಊಟ ಮಾಡುತ್ತಾ ನೋಡುತ್ತಿದ್ದರೆ ತಟ್ಟೆ ಪಕ್ಕಕ್ಕಿಡಿ.

ನಾರುಹುಣ್ಣು. ಕುಡಿಯುವ ನೀರಿನಿಂದ ಮೈಗೆ ಸೇರುವ ಹುಳದ ರೋಗ. ಮನೆಯ ಹಿರಿಯರನ್ನು ಕೇಳಿ, ಮುಖ ಕಿವುಚುತ್ತಾರೆ. ನೀರಿನಲ್ಲಿ ಸೈಕ್ಲಾಪ್ಸ್ ಅಂತ ಒಂದು ಜೀವಿ ಇರುತ್ತದೆ. ಕಂಡೂ ಕಾಣದಷ್ಟು ಸಣ್ಣದು. ಅದರ ಹೊಟ್ಟೆಯಲ್ಲಿ ಈ ಹುಳದ ಮರಿ. ಆ ನೀರು ಕುಡಿದವರ ಮೈಯಲ್ಲಿ ಅದು ಹೆಚ್ಚುಕಡಿಮೆ ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಉದ್ದ ಒಂದು ಮೀಟರ್‌ವರೆಗೆ, ದಪ್ಪ ಬೆಂದ ಶ್ಯಾವಿಗೆ ಎಳೆಯಷ್ಟು. ಆಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ತುದಿ ಹೊರಗೆ ಬರುತ್ತದೆ. ಜಗ್ಗಿದರೆ ತುಂಡಾಗಿ ಒಳಗೇ ಕೀವು. ಅದಕ್ಕೇ ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ವಾರಗಟ್ಟಲೆ!

ಉರಿ ತಾಳಲಾರದೆ ಮನುಷ್ಯ ಏನು ಮಾಡುತ್ತಾನೆ? ಕಾಲನ್ನು ತಣ್ಣನೆ ನೀರಲ್ಲಿ ಇಡುತ್ತಾನೆ. ಹುಳಕ್ಕೆ ಬೇಕಾದದ್ದೂ ಅದೇ. ಲಕ್ಷಗಟ್ಟಲೆ ಮರಿ ಕೆರೆಗೆ, ಅಲ್ಲಿಂದ ಸೈಕ್ಲಾಪ್ಸ್ ಹೊಟ್ಟೆಗೆ, ಅಲ್ಲಿಂದ ಪಕ್ಕದ ಮನೆಯವರ ಕೊಡಕ್ಕೆ.

ಇದಕ್ಕೆ ಲಸಿಕೆ ಇಲ್ಲ, ಹುಳ ಕೊಲ್ಲುವ ಔಷಧಿಯೂ ಇಲ್ಲ. ಆದರೂ ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ನಾರುಹುಣ್ಣಿನಿಂದ ಮುಕ್ತ ಎಂದಿತು. ಈ ರೋಗ ಕಾಡುತ್ತಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಓಡಿಸಿದ್ದು ಹೇಗೆ? ಮೆಟ್ಟಿಲಿಳಿಯುವ ಬಾವಿಗಳನ್ನು ಸೇದೋ ಬಾವಿ ಮಾಡಿದರು, ಸೈಕ್ಲಾಪ್ಸ್ ಸಾಯಲಿ ಎಂದು ನೀರಿಗೆ ಔಷಧಿ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದರು.

ನೀರಿಗೆ ಕಾಲಿಡಬೇಡ, ಸೋಸಿ ಕುಡಿ. ಅಜ್ಜಿಯ ಕಟ್ಟಳೆಯೂ ಇದೇ ಅಲ್ವಾ? ಹಾಗಂತ "ನಮ್ಮ ಹಿರಿಯರಿಗೆ ಸೈಕ್ಲಾಪ್ಸ್ ಗೊತ್ತಿತ್ತು" ಎಂದು ವಾಟ್ಸಾಪ್‌ನಲ್ಲಿ ಹಂಚಬೇಡಿ, ಕೈ ಮುಗಿಯುತ್ತೇನೆ. ಎಲ್ಲರೂ ಕುಡಿಯುವ ನೀರು ಹೊಲಸಾಗಬಾರದು, ಅಷ್ಟು ಗೊತ್ತಿತ್ತು. ಚಪ್ಪಲಿ ಬಿಡಿಸುವುದೂ ಅದಕ್ಕೇ, ಗುಡಿ ಇದೆ ಅಂತಲ್ಲ. ಅದೇ ಕೆರೆಗಳಲ್ಲಿ ಜಾತಿಯ ಕಟ್ಟಳೆಯೂ ನಡೆಯುತ್ತಿತ್ತು. ಅದನ್ನು ಹೊಗಳೋಕೆ ನಾನಿಲ್ಲ. ಇನ್ನೊಂದು, ಸೀರೆ ಬಟ್ಟೆ ಸೈಕ್ಲಾಪ್ಸ್ ತಡೆಯುತ್ತದೆ, ಬ್ಯಾಕ್ಟೀರಿಯಾ ತಡೆಯಲ್ಲ. ನೀರು ಕುದಿಸಿ.

[ಎಡಿಟರ್ ಕೈಗಡಿಯಾರ ತೋರಿಸುತ್ತಾರೆ]

ಆಯ್ತಪ್ಪಾ, ಓಡುತ್ತೇನೆ. ಈಗ ಊರೂರಿಗೆ ಆರ್‌ಒ ಘಟಕ. ಕಾಯಿನ್ ಹಾಕು, ಕ್ಯಾನ್ ತುಂಬು. ಅನುಕೂಲವೇ, ಆದರೆ ಒಳಗೆ ಹೋದ ನೀರಲ್ಲಿ ದೊಡ್ಡ ಪಾಲು ಸುಮ್ನೆ ಚರಂಡಿಗೆ ಹೋಗುತ್ತದೆ. ಪಾತ್ರೆ ತೊಳೆಯೋಕೆ, ಅಂಗಳ ತೊಳೆಯೋಕೆ ಅದನ್ನು ಹಿಡಿದಿಡಬಹುದು. ಕ್ಯಾನ್ ಬಂದ ಮೇಲೆ ಕೆರೆ ಕಡೆ ಕಣ್ಣಿಡುವವರು ಕಮ್ಮಿಯಾದರು, ಗುಟ್ಕಾ ಚೀಟಿ ಜಾಸ್ತಿಯಾದವು.

ಕೊನೆಯದು ಹೂಳು. ಬೇಸಿಗೆಯಲ್ಲಿ ಊರವರು ಸೇರಿ ತೆಗೆಸುತ್ತಾರೆ, ಹೊಲಕ್ಕೆ ಹೊಡೆಯುತ್ತಾರೆ, ಒಳ್ಳೆಯದು. ಆದರೆ ಕೆರೆಯ ತಳದಲ್ಲಿ ನೀರು ಹಿಡಿದಿಡುವುದೇ ಹೂಳಿನ ಕೆಳಗಿರುವ ಜಿಗುಟು ಮಣ್ಣಿನ ಪದರ. ಅದನ್ನೂ ಬಗೆದರೆ ನೀರು ನಿಲ್ಲುವುದಿಲ್ಲ. ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು, ಆಳಕ್ಕೆ ತೋಡಿದಷ್ಟೂ ಅವರಿಗೆ ಲಾಭ. ಮಣ್ಣು ಗೊತ್ತಿರುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ. "ಸಾಕು ನಿಲ್ಸೋ" ಅನ್ನುವವರು ಬೇಕು.