ಒಂದು ರೀಲಿನ ಬೆನ್ನು ಹತ್ತಿ

ಎಲ್ಲರಿಗೂ ನಮಸ್ಕಾರ. ಹಿಂದಿನವರಿಗೆ ಕೇಳಿಸುತ್ತಿದೆಯಾ? ಸರಿ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಒಂದು ಜಗಳ ಆಯಿತು, ನೆನಪಿದೆ ಅಲ್ವಾ? ಒಂದು ಕೃತಿಯ ಸಂಗತಿಯ ಬಗ್ಗೆ, ಅಂದರೆ ಅದರ ಒಂದು ಸಾಲನ್ನು ಬದಲಿಸಿ ಬದಲಿಸಿ ಹಾಡುವ ಬಗೆಯ ಬಗ್ಗೆ. "ಪುಸ್ತಕದಲ್ಲಿಲ್ಲ, ಹಾಗಾಗಿ ತಪ್ಪು" ಎಂದು ಒಬ್ಬರು, "ರೆಕಾರ್ಡಿನಲ್ಲಿದೆ, ಹಾಗಾಗಿ ಸರಿ" ಎಂದು ಇನ್ನೊಬ್ಬರು. ನಾನು ಸುಮ್ನೆ ಕೂತಿದ್ದೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೇಳಬೇಕಾದ ಮಾತೆಲ್ಲ ಬಾಯಿಗೆ ಬಂತು, ಆದರೆ ಪಕ್ಕದಲ್ಲಿ ಕೂತವರು ನಿದ್ದೆ ಮಾಡುತ್ತಿದ್ದರು. ಅದಕ್ಕೇ ಇವತ್ತು ಬಂದಿದ್ದೇನೆ. ನಮ್ಮ ಕರ್ನಾಟಕ ಸಂಗೀತದ ಕೃತಿ ಹಿಡಿದರೆ ಮತ್ತೆ ಜಗಳ ಆಗುತ್ತದೆ, ಆದ್ದರಿಂದ ಐರ್ಲೆಂಡಿನ ಒಂದು ಮಟ್ಟು ಹಿಡಿದಿದ್ದೇನೆ.

ರೀಲ್. ಫೋನಿನದಲ್ಲ, ಕುಣಿತದ್ದು. ನಾಲ್ಕು ಎಣಿಕೆಯ, ಓಡುವ ಮಟ್ಟು. ಸಾಮಾನ್ಯವಾಗಿ ಎಂಟು ಆವರ್ತದ ಎರಡು ಭಾಗ, ಒಂದೊಂದನ್ನೂ ಎರಡು ಸಲ ನುಡಿಸುತ್ತಾರೆ, ಒಟ್ಟು 32. ಅಷ್ಟೇ. ಇಷ್ಟು ಸಣ್ಣ ವಸ್ತುವಿನ ಹಿಂದೆ ನಾನು ಎರಡು ವರ್ಷ ಸುತ್ತಿದೆ ಎಂದರೆ ಮನೆಯವರು ಇನ್ನೂ ನಂಬುವುದಿಲ್ಲ.

ನಾನು ಹಿಡಿದ ರೀಲಿನ ಹೆಸರು ಟಾರ್ಬೋಲ್ಟನ್. ಹೆಸರು ಐರ್ಲೆಂಡಿನದೇ ಅಲ್ಲ, ಸ್ಕಾಟ್ಲೆಂಡಿನ ಏರ್‌ಶೈರ್‌ನ ಒಂದು ಹಳ್ಳಿಯದು. ಅದನ್ನು ಐರಿಷ್ ಮಾಡಿದ್ದು ಮೈಕೆಲ್ ಕೋಲ್ಮನ್. 1891ರಲ್ಲಿ ಸ್ಲೈಗೋ ಸೀಮೆಯ ಕಿಲಾವಿಲ್‌ನಲ್ಲಿ ಹುಟ್ಟಿ, 1914ರಲ್ಲಿ ಅಮೆರಿಕಕ್ಕೆ ಹೋದ ಪಿಟೀಲುಗಾರ. 1934ರಲ್ಲಿ ನ್ಯೂಯಾರ್ಕಿನಲ್ಲಿ ಡೆಕ್ಕಾ ಕಂಪನಿಗೆ ಅವನು ಮೂರು ರೀಲ್ ಒಟ್ಟಿಗೆ ನುಡಿಸಿದ: ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್. ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷ ಚಿಲ್ಲರೆ, ಅದರೊಳಗೆ ಎಲ್ಲ ಮುಗಿಯಬೇಕು. ಈ ಮೂರೂ ನೆಂಟರಲ್ಲ, ಒಂದೇ ಊರಿನವೂ ಅಲ್ಲ. ಆದರೆ ಇವತ್ತು ಎಲ್ಲಾದರೂ ನಾಲ್ಕು ಜನ ಕೂತು ನುಡಿಸುವಾಗ ಯಾರಾದರೂ ಟಾರ್ಬೋಲ್ಟನ್ ಎತ್ತಿಕೊಂಡರೆ, ಪಕ್ಕದವರ ಬೆರಳು ಆಗಲೇ ಲಾಂಗ್‌ಫರ್ಡ್ ಕಲೆಕ್ಟರ್‌ಗೆ ಕಾಯುತ್ತಿರುತ್ತದೆ. ಮೂರು ನಿಮಿಷದ ಮೇಣದ ಗೀರು ಸಂಪ್ರದಾಯ ಆಗಿಹೋಯಿತು.

ನನ್ನ ಹಟ ಇಷ್ಟೇ: ಯಾವುದು ಮೂಲ ಅಂತ ಕೇಳಬೇಡಿ, ಯಾರಿಂದ ಬಂತು ಅಂತ ಕೇಳಿ. ಗುರುವಿನಿಂದ ಶಿಷ್ಯನಿಗೆ ಬಂದ ರೂಪಕ್ಕೆ ನಾವು ಪಾಠಾಂತರ ಅನ್ನುತ್ತೇವಲ್ಲ, ಅದು.

ಇದು ಅರ್ಥವಾಗಿದ್ದವನು ಒಬ್ಬ ಪೊಲೀಸು. ಫ್ರಾನ್ಸಿಸ್ ಓನೀಲ್. ಇವನ ಕಥೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ, ಸಮಯ ಆದರೆ ಆಗಲಿ. ಐರ್ಲೆಂಡಿನ ಕಾರ್ಕ್ ಸೀಮೆಯವನು. ಹದಿಹರೆಯದಲ್ಲೇ ಮನೆ ಬಿಟ್ಟು ಹಡಗು ಹತ್ತಿದ. ಶಾಂತ ಸಾಗರದ ನಡುವೆ ಬೇಕರ್ ಅನ್ನುವ ದ್ವೀಪದಲ್ಲಿ ಹಡಗು ಒಡೆಯಿತು. ಅಲ್ಲಿಂದ ಇವರನ್ನು ಎತ್ತಿಕೊಂಡ ಇನ್ನೊಂದು ಹಡಗಿನ ಆಳುಗಳೆಲ್ಲ ಪೆಸಿಫಿಕ್ ದ್ವೀಪದವರು, ಎಲ್ಲರಿಗೂ ಊಟ ಅಳತೆ ಲೆಕ್ಕದ್ದು. ಅವರಲ್ಲೊಬ್ಬನ ಹತ್ತಿರ ಒಳ್ಳೆಯ ಕೊಳಲಿತ್ತು, ಆದರೆ ಅವನಿಗೆ ಬರುತ್ತಿದ್ದದ್ದು ಒಂದೇ ಒಂದು ಸಾಲು. ಓನೀಲ್ ಕೊಳಲು ಇಸಕೊಂಡು ತನ್ನ ಊರಿನ ಮಟ್ಟುಗಳನ್ನು ನುಡಿಸಿದ. ಅವತ್ತಿನಿಂದ ಆ ಪುಣ್ಯಾತ್ಮ ತನ್ನ ಪಾಲಿನ ಪೋಯಿ ಗಂಜಿ, ಡಬ್ಬಿ ಮೀನು ಎರಡರಲ್ಲೂ ಹುಡುಗನಿಗೆ ಪಾಲು ಕೊಟ್ಟ. 34 ದಿನ ಕಳೆದು ಹೊನೊಲುಲು ಮುಟ್ಟಿದಾಗ ಮೂವರನ್ನು ಬಿಟ್ಟು ಉಳಿದವರೆಲ್ಲ ಆಸ್ಪತ್ರೆಗೆ. ಆ ಮೂವರಲ್ಲಿ ನಮ್ಮವನು ಒಬ್ಬ! ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿಗೆ ಇದನ್ನು ಹೇಳಿ.

ಮುಂದೆ ಶಿಕಾಗೋದಲ್ಲಿ ಪೇದೆಯಾಗಿ ಸೇರಿ, ಕೆಲಸಕ್ಕೆ ಬಂದ ಸ್ವಲ್ಪ ದಿನಕ್ಕೇ ಕಳ್ಳನ ಗುಂಡು ತಿಂದು ಬದುಕಿ, 1901ರಲ್ಲಿ ಇಡೀ ನಗರದ ಪೊಲೀಸ್ ಮುಖ್ಯಸ್ಥನಾದ. ಸ್ವರ ಬರೆಯಲು ಬರುತ್ತಿರಲಿಲ್ಲ. ಕಿವಿ ಮಾತ್ರ ಜಿಗಣೆ. ಕೇಳಿದ್ದನ್ನು ನೆನಪಿಟ್ಟು ಬಂದು ಒಪ್ಪಿಸುವನು, ಜೇಮ್ಸ್ ಓನೀಲ್ ಎನ್ನುವ ಇನ್ನೊಬ್ಬ ಪೊಲೀಸು, ನೆಂಟನಲ್ಲ, ಹೆಸರು ಮಾತ್ರ ಒಂದೇ, ಬರೆದುಕೊಳ್ಳುವನು. 1903ರಲ್ಲಿ ಬಂದ ಪುಸ್ತಕದಲ್ಲಿ 1850 ಮಟ್ಟು. 1907ರ ಇನ್ನೊಂದರಲ್ಲಿ ಕುಣಿತದವೇ 1001. ಐರಿಷ್ ವಾದ್ಯಗಾರರಿಗೆ 'ಪುಸ್ತಕ' ಎಂದರೆ ಸಾಕು, ಇದೇ. ನನಗೆ ಇಷ್ಟ ಆದದ್ದು 1903ರದ್ದು. ಎಷ್ಟೋ ಮಟ್ಟುಗಳ ನೆತ್ತಿಯ ಮೇಲೆ ಕೊಟ್ಟವರ ಹೆಸರಿದೆ. ನೋಡಿದಿರಾ? ಯಾರಿಂದ ಬಂತು ಅಂತ ಆ ಪೊಲೀಸಪ್ಪನೇ ಬರೆದಿಟ್ಟಿದ್ದಾನೆ.

ಆದರೆ ಪುಸ್ತಕದಲ್ಲಿ ಇಲ್ಲದ್ದು ಬಹಳ. ಪಿಟೀಲುಗಾರ ಒಂದು ಸ್ವರವನ್ನು 'ರೋಲ್' ಮಾಡುತ್ತಾನೆ: ಸ್ವರ, ಮೇಲಿನದು, ಸ್ವರ, ಕೆಳಗಿನದು, ಮತ್ತೆ ಸ್ವರ. ಒಂದೂವರೆ ಎಣಿಕೆಯೊಳಗೆ ಐದು. ಕಾಗದದ ಮೇಲೆ ಒಂದು ಸೊಟ್ಟ ಗೆರೆ, ಎಷ್ಟೋ ಸಲ ಅದೂ ಇಲ್ಲ. ನಮ್ಮ ಗಮಕ ಬರೆಯುವ ಪಾಡು ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ.

ಹಾಗಾದರೆ ರೆಕಾರ್ಡೇ ಸರಿಯೇ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಹಳೇ ತಟ್ಟೆಯ ಪ್ರತಿ ಸಿಕ್ಕಿತು, ಮೂರು ವಾರ ಕೂತು ಸ್ವರ ಇಳಿಸಿದೆ. ಎಲ್ಲ ಸ್ವರವೂ ಅರ್ಧ ಮನೆ ಮೇಲೆ, ಹಾರ್ಮೋನಿಯಮ್ಮಿನಲ್ಲಿ ಪಕ್ಕದ ಮನೆಗೆ ಸರಿದಷ್ಟು. ಪಿಟೀಲಿಗೆ ಕೈ ತಿರುಚಿಕೊಳ್ಳುವ ಶ್ರುತಿ, ತೆರೆದ ತಂತಿ ಸರಿಯಾಗಿ ಒದಗುವುದಿಲ್ಲ. "ಏನು ವಿದ್ವತ್ತಪ್ಪಾ!" ಎಂದು ಬೆರಗಾಗಿ, ಹೋದಲ್ಲೆಲ್ಲ ಹೇಳಿಕೊಂಡೂ ಬಂದೆ. ಕೊನೆಗೆ ಒಬ್ಬ ಗೆಳೆಯ ಕೇಳಿದ, "ತಟ್ಟೆ ಎಷ್ಟು ಜೋರಾಗಿ ತಿರುಗಿದೆ ನೋಡಿದೆಯಾ?" ನಿಮಿಷಕ್ಕೆ 78 ಸುತ್ತು ಬದಲು 83ರ ಹತ್ತಿರ ತಿರುಗಿದರೆ ಶ್ರುತಿ ಅರ್ಧ ಮನೆ ಏರಿಬಿಡುತ್ತದೆ, ಓಟವೂ ಏರುತ್ತದೆ. ಅಥವಾ ಆತ ತಂತಿಯನ್ನೇ ಬಿಗಿ ಮಾಡಿಕೊಂಡಿದ್ದನೋ ಏನೋ. ನನ್ನ ಮೂರು ವಾರ ಹಳ್ಳ ಹಿಡಿಯಿತು.

ಇನ್ನೊಂದು ಮಾತು. ಈ ತಟ್ಟೆಗಳು ಅಮೆರಿಕದಿಂದ ಊರಿಗೆ ಪಾರ್ಸಲ್ ಬಂದವು. ಸ್ಲೈಗೋ ಕೈ ಕೇಳಿ ಬೇರೆ ಸೀಮೆಯ ಎಷ್ಟೋ ಪಿಟೀಲುಗಾರರು ತಮ್ಮ ಊರಿನ ಬಾನಿ ಕೈಬಿಟ್ಟರು. ಆ ಮನೆಗಳಲ್ಲಿ ಮಗನಿಗೆ ಮಟ್ಟು ಬಂದದ್ದು ಯಾರಿಂದ, ಅಪ್ಪನಿಂದಲಾ, ಪೆಟ್ಟಿಗೆಯಿಂದಲಾ?

ಚೀಟಿ ಬಂತು, ಐದು ನಿಮಿಷ ಅಂತೆ. ಪಾಶ್ಚಾತ್ಯ ಮಟ್ಟುಗಳಿಗೆ ದೀಕ್ಷಿತರು ಸಾಹಿತ್ಯ ಕಟ್ಟಿದ ನೋಟ್ಟುಸ್ವರಗಳ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ಬಿಟ್ಟೆ. ಡಬ್ಲಿನ್ನಿನ ಸಂಗೀತ ಭಂಡಾರದ ವಿಷಯ, ಬ್ರಾನ್ಡಾನ್ ಬ್ರನಾಖ್ ಮಟ್ಟುಗಳನ್ನು ಕಾರ್ಡುಗಳಲ್ಲಿ ಪಟ್ಟಿ ಮಾಡಿದ್ದು, ಅದೂ ಬಿಟ್ಟೆ. ಕಾಫಿ ಹೊತ್ತಿಗೆ ಕೇಳಿ.

ಈಗ ಕೋಲ್ಮನ್‌ನ ತಟ್ಟೆ ಹಾಕುತ್ತೇನೆ. ಕರಕರ ಸದ್ದು ಬರುತ್ತದೆ, ಸ್ಪೀಕರಿನ ತಪ್ಪಲ್ಲ. ಮೊದಲ ರೀಲು 'ಇ' ಸ್ವರದ ಸುತ್ತ ಇರುತ್ತದೆ, ಅಲ್ಲಿಂದ ಎರಡನೆಯದಕ್ಕೆ 'ಜಿ' ಸ್ವರಕ್ಕೆ ಹಾರುತ್ತಾನೆ. ಆ ಜಾಗದಲ್ಲಿ ಮಾತ್ರ ಯಾರೂ ಕೆಮ್ಮಬೇಡಿ.