ಕಂಪ್ಯೂಟರ್ ಮುಟ್ಟದೆ ಸಿಎಸ್ (ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್) ಸೇರಿದರೆ ನಡೆಯುತ್ತಾ?

ಕಿಟಕಿ ಆಚೆ ಕಾಣುತ್ತಿರುವುದು ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಸಿಂಧನೂರಿನಿಂದ ರಾಯಚೂರಿಗೆ, ಕಾಲೇಜಿಗೆ ವಾಪಸ್ ಹೊರಟಿದ್ದೇನೆ. ಊರಿಗೆ ಹೋದಾಗಲೆಲ್ಲ ಪಿಯುಸಿ ಹುಡುಗರದ್ದು ಒಂದೇ ಪ್ರಶ್ನೆ: "ಅಕ್ಕಾ, ಕಂಪ್ಯೂಟರ್ ಮುಟ್ಟೇ ಇಲ್ಲ. ಸಿಎಸ್ ತಗೊಂಡ್ರ ನಡೀತದೇನು?"

ನಡೆಯುತ್ತದೆ. ಸೀಟು ಕೊಡುವಾಗ ಅದನ್ನು ಯಾರೂ ಕೇಳುವುದೇ ಇಲ್ಲ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ನಾನು ಓದಿದ್ದು ಪಿಸಿಎಂಬಿ, ಅಂದರೆ ಆ ಮೂರರ ಜೊತೆ ಬಯಾಲಜಿ, ಕಂಪ್ಯೂಟರ್ ಸೈನ್ಸ್ ಅಲ್ಲ. ನಮ್ಮ ಭಾಗದವರು ಸಂವಿಧಾನದ 371(ಜೆ) ವಿಧಿಯ ಸರ್ಟಿಫಿಕೇಟ್ ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರ ಮೀಸಲು ಸೀಟಿಗೆ ಅದು ಬೇಕೇ ಬೇಕು.

ಅಪ್ಪ ಮಾತ್ರ "ಮನ್ಯಾಗ ಒಂದೂ ಕಂಪ್ಯೂಟರ್ ಇಲ್ಲ, ಅದನ್ನ ಓದಾಕ ಹೊಂಟಾಳ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಕಾಲೇಜಿಗೆ ಬಂದಾಯಿತು. ಇದು ನಮ್ಮ ಕಂಪ್ಯೂಟರ್ ಲ್ಯಾಬ್. ಶುರುವಿನಲ್ಲಿ ಕಷ್ಟವಾಗಿದ್ದು ಪ್ರೋಗ್ರಾಮಿಂಗ್ ಅಲ್ಲ. ಸೇವ್ ಮಾಡಿದ ಫೈಲ್ ಯಾವ ಫೋಲ್ಡರಿಗೆ ಹೋಯಿತು, ಸೆಮಿಕೋಲನ್ (;) ಕೀ ಎಲ್ಲಿದೆ, ಇಂಥವೇ. ಪಕ್ಕದವರ ಬೆರಳು ಓಡುವುದನ್ನು ನೋಡಿದರೆ ಅವರಿಗೆ ಎಲ್ಲಾ ಗೊತ್ತು ಅನಿಸುತ್ತದೆ. ಅದು ಟೈಪಿಂಗ್ ಅಷ್ಟೇ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 5/2 ಎಷ್ಟು ಎಂದು ಮೇಡಂ ಕೇಳಿದಾಗ ಇಡೀ ಕ್ಲಾಸ್ 2.5 ಎಂದಿತು. ಉತ್ತರ 2. ಎರಡೂ ಪೂರ್ಣಾಂಕವಾದರೆ ಸಿ ದಶಮಾಂಶವನ್ನು ಕತ್ತರಿಸಿ ಹಾಕುತ್ತದೆ. 5.0/2 ಎಂದು ಬರೆದರೆ 2.5 ಬರುತ್ತದೆ. ಶಾಲೆಯಿಂದಲೇ ಕಂಪ್ಯೂಟರ್ ಕಲಿತು ಬಂದವರೂ ನನ್ನ ಜೊತೆಗೇ ಕಣ್ಣು ಕಣ್ಣು ಬಿಡುತ್ತಿದ್ದರು. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಿಜವಾಗಿ ಕಲಿಯಬೇಕಾದದ್ದು ಪ್ರೋಗ್ರಾಂ ತಪ್ಪಿದಾಗ ಬರುವ ಎರರ್ ಮೆಸೇಜ್ ಓದುವುದನ್ನು. ಕನ್ನಡ ಮೀಡಿಯಂನಿಂದ ಬಂದವರಿಗೆ ಆ ಇಂಗ್ಲಿಷ್ ಸಾಲುಗಳು ಯಾರೋ ಬೈದ ಹಾಗೆ ಕಾಣುತ್ತವೆ. ಹೆದರಬೇಡಿ, ಮೊದಲು ಸಾಲಿನ ನಂಬರ್ ಹುಡುಕಿ. 7ನೇ ಸಾಲು ಎಂದಿದ್ದರೆ 6ನೇ ಸಾಲಿನ ಕೊನೆಯನ್ನೂ ನೋಡಿ. ಅಲ್ಲಿ ಸೆಮಿಕೋಲನ್ ಹಾಕದೆ ಬಿಟ್ಟಿದ್ದರೆ ಎಷ್ಟೋ ಸಲ ಕಂಪೈಲರ್ (ನಾವು ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಮುಂದಿನ ಸಾಲನ್ನು ತೋರಿಸುತ್ತದೆ. 20 ಎರರ್ ಬಂದರೂ ಮೊದಲನೆಯದನ್ನಷ್ಟೇ ಸರಿಮಾಡಿ ಮತ್ತೆ ಕಂಪೈಲ್ ಕೊಡಿ. ಉಳಿದವು ಜಾಸ್ತಿ ಅದರ ಹಿಂದೆಯೇ ಹುಟ್ಟಿದವು.

ಲ್ಯಾಪ್‌ಟಾಪ್? ಸುಮ್ನೆ ಸಾಲ ಮಾಡಿ ತರಬೇಡಿ. ಮೊದಲ ಸೆಮಿಸ್ಟರಿನ ಸಿ ಪ್ರೋಗ್ರಾಂಗಳನ್ನು ಫೋನಿನಲ್ಲೇ ಬರೆದು ಓಡಿಸಬಹುದು. ಒಂದೇ ಕಾಟ, ಫೋನಿನ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನೇ ಕ್ಯಾಪಿಟಲ್ ಮಾಡುತ್ತದೆ. ಸಿಗೆ ದೊಡ್ಡಕ್ಷರವೇ ಬೇರೆ, ಚಿಕ್ಕಕ್ಷರವೇ ಬೇರೆ. ಹಾಗಾಗಿ ಸ್ಕ್ರೀನ್ ಮೇಲೆ ತೋರಿಸು ಎಂದು ಹೇಳುವ, ಸರಿಯಾಗಿ ಬರೆದ ಪ್ರಿಂಟ್‌ಎಫ್‌ಗೂ ಎರರ್ ಬರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಕ್ಯಾಪಿಟಲ್ ಆಫ್ ಮಾಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ ತಗೊಳ್ಳುವುದು ಹೇಗೆ ಅನ್ನೋದನ್ನು ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.